ಅಂತರಿಕ್ಷದ ಸಿನಿಮಾಗಳನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ತೋರಿಸಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಸಾದರ ವಂದನೆಗಳು.

ತಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ರಸ್ತೆ, ಶಾಲಾ ಕೊಠಡಿ, ಸಮುದಾಯ ಭವನ, ಕುಡಿಯುವ ನೀರು ಇವೇ ಹೆಚ್ಚಾಗಿರುತ್ತವೆ. ಇರಬೇಕಾದದ್ದೇ. ನನ್ನ ಬೇಡಿಕೆ ಆ ಸಾಲಿಗೆ ಸೇರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳಿಗೆ ವರ್ಷಕ್ಕೆ ಎರಡೋ ಮೂರೋ ಒಳ್ಳೆಯ ಅಂತರಿಕ್ಷ ಸಾಹಸದ ಸಿನಿಮಾಗಳನ್ನು ದೊಡ್ಡ ಪರದೆಯ ಮೇಲೆ, ಕನ್ನಡದಲ್ಲಿ ತೋರಿಸಲು ಮಂಡಳಿ ಹಣ ಒದಗಿಸಬೇಕು ಎಂಬುದು ನನ್ನ ಕೋರಿಕೆ. ಕಡತ ನೋಡುವ ಅಧಿಕಾರಿಗಳು ಇಲ್ಲಿಗೇ ನಕ್ಕು ಪುಟ ಮಗುಚಬಾರದೆಂದು ಮುಂದಿನದನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಚಿತ್ತಾಪುರ, ಶಹಾಪುರ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ನೌಕರಿ ಮಾಡಿ ಈಗ ಕಲಬುರಗಿಯಲ್ಲಿ ನೆಲೆಸಿದ್ದೇನೆ. ಗುರುತ್ವಾಕರ್ಷಣೆ, ಬೆಳಕಿನ ವೇಗ, ಉಪಗ್ರಹದ ಕಕ್ಷೆ ಇವನ್ನೆಲ್ಲ ಕರಿಹಲಗೆಯ ಮೇಲೆ ಸೊಟ್ಟ ವರ್ತುಲ ಬರೆದು ವಿವರಿಸಿದವನು. ಹಾಗೆ ಬರೆಯುವಾಗ ಹಿಂದಿನ ಬೆಂಚಿನಿಂದ ಬರುತ್ತಿದ್ದ ಒಳ್ಳೊಳ್ಳೆಯ ಪ್ರಶ್ನೆಗಳೆಲ್ಲ ಹುಟ್ಟಿದ್ದು ಸಿನಿಮಾ ನೋಡಿ. ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಹತ್ತಿರ ಒಂದು ತಾಸು ಕಳೆದರೆ ಭೂಮಿಯ ಮೇಲೆ ಏಳು ವರ್ಷ ಕಳೆಯುವುದು ನಿಜವೇ? ನೌಕೆಯ ಹೊರಗಿರುವ ಗಗನಯಾತ್ರಿಯ ಹಗ್ಗ ಕಳಚಿದರೆ ಅವನು ಎಲ್ಲಿಗೆ ಹೋಗುತ್ತಾನೆ? ಪಠ್ಯಪುಸ್ತಕ ಓದಿ ಇಂಥ ಪ್ರಶ್ನೆ ಕೇಳಿದ ಮಗುವನ್ನು ನಾನು ಕಂಡದ್ದು ಕಡಿಮೆ.

ಸಿನಿಮಾ ಎಂದರೆ ಹೊತ್ತು ಕಳೆಯುವ ಸಾಧನ, ಅದಕ್ಕೂ ಅಭಿವೃದ್ಧಿಗೂ ಏನು ಸಂಬಂಧ ಎಂದು ಕೇಳಬಹುದು. ರಾಕೆಟ್ ಹಾರುವ ಮುನ್ನ ಹತ್ತು, ಒಂಬತ್ತು, ಎಂಟು ಎಂದು ಹಿಮ್ಮುಖವಾಗಿ ಎಣಿಸುತ್ತಾರಲ್ಲ, ಆ ರೂಢಿಯನ್ನು ಜಗತ್ತು ಮೊದಲು ಕಂಡದ್ದು ಸಿನಿಮಾದಲ್ಲಿ. 1929ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಚಂದ್ರಯಾನದ ಕಥೆಯ ಮೂಕಿ ಚಿತ್ರ ತೆಗೆದಾಗ, ನೋಡುವವರು ಉಸಿರು ಬಿಗಿಹಿಡಿದು ಕೂರಲಿ ಎಂದು ಆ ಎಣಿಕೆಯನ್ನು ಇಟ್ಟ. ರಾಕೆಟ್ ತಜ್ಞರು ಅದನ್ನೇ ಬಳಸತೊಡಗಿದರು. ಶ್ರೀಹರಿಕೋಟಾದಲ್ಲಿ ಇಂದು ಕೇಳುವ ಎಣಿಕೆಯ ಮೂಲ ಒಂದು ಸಿನಿಮಾ ದೃಶ್ಯ.

ಅಮೆರಿಕದಲ್ಲಿ 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಟಿ.ವಿ. ಧಾರಾವಾಹಿಯಲ್ಲಿ, ಅದರಿಂದ ಮುಂದೆ ಹುಟ್ಟಿದ ಸಿನಿಮಾಗಳಲ್ಲಿ, ನೌಕೆಯ ಸಂಪರ್ಕಾಧಿಕಾರಿಯ ಪಾತ್ರ ಮಾಡಿದ್ದು ನಿಶೆಲ್ ನಿಕೋಲ್ಸ್ ಎಂಬ ಕಪ್ಪು ವರ್ಣದ ನಟಿ. ನಾಸಾ ಮಹಿಳೆಯರನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಿ ಸೇರಿಸಿಕೊಳ್ಳಲು ಹೊರಟಾಗ, 1977ರಲ್ಲಿ, ಅವರನ್ನು ಕರೆಯುವ ಕೆಲಸವನ್ನು ಒಪ್ಪಿಸಿದ್ದು ಇದೇ ನಟಿಗೆ. ಮರುವರ್ಷದ ತಂಡದಲ್ಲಿ, ಮುಂದೆ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆಯಾದ ಸ್ಯಾಲಿ ರೈಡ್ ಇದ್ದರು, ಮೊದಲ ಆಫ್ರಿಕನ್ ಅಮೆರಿಕನ್ ಆದ ಗಯನ್ ಬ್ಲುಫೋರ್ಡ್ ಇದ್ದರು. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಮೇ ಜೆಮಿಸನ್, ಚಿಕ್ಕಂದಿನಲ್ಲಿ ಆ ಪಾತ್ರವನ್ನು ನೋಡಿ ತಮಗೆ ಧೈರ್ಯ ಬಂತೆಂದು ಹೇಳಿಕೊಂಡವರು. ಪರದೆಯ ಮೇಲೆ ತನ್ನಂಥವರು ಕಂಡರೆ ಮಗುವಿಗೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ರಾಜಕಾರಣಿಗಳಿಗೂ ಈ ಸಿನಿಮಾಗಳ ಮಾತು ಬೇಕು. 1983ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಕ್ಷಿಪಣಿ ತಡೆಯುವ ಯೋಜನೆಯೊಂದನ್ನು ಪ್ರಕಟಿಸಿದಾಗ ವಿರೋಧಿಗಳು ಅದಕ್ಕೆ ಸ್ಟಾರ್ ವಾರ್ಸ್ ಎಂಬ ಅಂತರಿಕ್ಷ ಸಿನಿಮಾದ ಹೆಸರನ್ನೇ ಅಡ್ಡಹೆಸರಾಗಿ ಇಟ್ಟರು. ಅಸಲಿ ಹೆಸರು ಈಗ ಯಾರಿಗೂ ನೆನಪಿಲ್ಲ. ನಮ್ಮಲ್ಲಿ 2014ರ ಜೂನ್‌ನಲ್ಲಿ ಶ್ರೀಹರಿಕೋಟಾದಲ್ಲಿ ಮಾತನಾಡಿದ ಪ್ರಧಾನಿಯವರು, ಗ್ರ್ಯಾವಿಟಿ ಎಂಬ ಹಾಲಿವುಡ್ ಸಿನಿಮಾಕ್ಕೆ ಆದ ಖರ್ಚಿಗಿಂತ ನಮ್ಮ ಮಂಗಳಯಾನದ ಖರ್ಚು ಕಡಿಮೆ ಎಂದರು. ಮಂಗಳಯಾನಕ್ಕೆ ತಗುಲಿದ್ದು ಸುಮಾರು 450 ಕೋಟಿ ರೂಪಾಯಿ. ದೇಶದ ಸಾಧನೆಯನ್ನು ಅಳೆದು ತೋರಿಸಲು ಪ್ರಧಾನಿಗೆ ಒಂದು ಸಿನಿಮಾ ಬೇಕಾಯಿತು, ಅದನ್ನು ಕೇಳಿದ ಜನರಿಗೆ ತಟ್ಟನೆ ತಿಳಿಯಿತು ಕೂಡ.

ಇನ್ನು ನಮ್ಮ ಶಾಲೆಯ ವಿಷಯ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ತೋರಿಸಲು ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಂಡಿದ್ದೆವು. ಟಿ.ವಿ.ಯಲ್ಲಿ ಕಂಡದ್ದು ನಿಯಂತ್ರಣ ಕೊಠಡಿ, ಇಳಿಯುತ್ತ ಹೋಗುವ ಅಂಕಿಗಳು, ಒಂದು ವಕ್ರರೇಖೆ, ನಡುನಡುವೆ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಸಮಾಧಾನವಿಲ್ಲದ ಮುಖದಲ್ಲಿ, "ಸರ್, ಅಷ್ಟು ದೊಡ್ಡ ನೌಕೆ ಇಳಿಯಿತು, ಸದ್ದೇ ಬರಲಿಲ್ಲವಲ್ಲ? ಸಿನಿಮಾದಲ್ಲಿ ಎದೆ ನಡುಗುತ್ತದೆ" ಎಂದಳು. ಚಂದ್ರನ ಮೇಲೆ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಸದ್ದು ಸಾಗುವುದಿಲ್ಲ ಎಂದೆ. ಹಾಗಾದರೆ ಸಿನಿಮಾದವರು ಸುಳ್ಳು ಹೇಳುತ್ತಾರೆ ಎಂದು ಒಬ್ಬ ಹುಡುಗ. ಸದ್ದಿಲ್ಲದಿದ್ದರೆ ದುಡ್ಡು ಕೊಟ್ಟು ಯಾರು ನೋಡುತ್ತಾರೆ ಎಂದು ಇನ್ನೊಬ್ಬ. ಕೊನೆಯ ಬಸ್ಸಿನ ಹೊತ್ತಾಗುವವರೆಗೆ ಅವರ ವಾದ ನಡೆಯಿತು.

ಆ ಹುಡುಗಿಯನ್ನು ಮರುದಿನ ಕರೆದು, ನೀನು ನೋಡಿದ ಸಿನಿಮಾದ ಕಥೆ ಹೇಳು ಎಂದೆ. ಅಣ್ಣನ ಮೊಬೈಲ್‌ನಲ್ಲಿ ಇಂಟರ್‌ಸ್ಟೆಲ್ಲರ್ ಎಂಬ ಹಾಲಿವುಡ್ ಚಿತ್ರವನ್ನು ಹಿಂದಿಯಲ್ಲಿ ನೋಡಿದ್ದಳು. ನೌಕೆ ಒಡೆದದ್ದು, ಬೆಂಕಿ ಹತ್ತಿದ್ದು, ಅಲೆ ಬಂದದ್ದು ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದಳು. ಅವರು ಯಾಕೆ ಅಲ್ಲಿಗೆ ಹೋಗಿದ್ದರು ಎಂದು ಕೇಳಿದರೆ ಸುಮ್ಮನಾದಳು. ಮಗಳನ್ನು ಬಿಟ್ಟುಹೋದ ತಂದೆಯ ಅಳಲು, ಕಾಲ ನಿಧಾನವಾಗುವುದರ ವಿವರಣೆ, ಹಿಂತಿರುಗಬೇಕೋ ಬೇಡವೋ ಎಂಬ ಜಗಳ, ಇವೆಲ್ಲ ಇರುವುದು ಮಾತಿನಲ್ಲಿ. ಮಾತು ಅವಳಿಗೆ ದಕ್ಕಿರಲಿಲ್ಲ. ಭೌತವಿಜ್ಞಾನಿ ಕಿಪ್ ಥಾರ್ನ್ ಅವರಂಥವರು ಲೆಕ್ಕ ಹಾಕಿಕೊಟ್ಟು ಮಾಡಿಸಿದ ಸಿನಿಮಾ ಅದು. ಅದರಲ್ಲಿ ಬರುವ ಕಪ್ಪುಕುಳಿಯ ಚಿತ್ರ ಎಷ್ಟು ಸರಿಯಾಗಿತ್ತೆಂದರೆ, ಅದನ್ನು ಮೂಡಿಸಿದ ವಿಧಾನ ಭೌತವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು. 2019ರ ಏಪ್ರಿಲ್‌ನಲ್ಲಿ ಖಗೋಳ ವಿಜ್ಞಾನಿಗಳು ಕಪ್ಪುಕುಳಿಯ ಮೊದಲ ನಿಜವಾದ ಚಿತ್ರವನ್ನು ಬಿಡುಗಡೆ ಮಾಡಿದಾಗ ಲೋಕವೆಲ್ಲ ಈ ಸಿನಿಮಾವನ್ನೇ ನೆನೆಯಿತು. ಅಂಥದ್ದರಲ್ಲಿ ನಮ್ಮ ಹುಡುಗಿಯ ಪಾಲಿಗೆ ಬಂದದ್ದು ಢಂ ಢಂ ಸದ್ದು ಮಾತ್ರ.

ಇದಕ್ಕೆ ಅವಳ ಬುದ್ಧಿ ಕಾರಣವಲ್ಲ. ಕಾರಣಕ್ಕೆ ಒಂದು ಇತಿಹಾಸವಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿತ್ತು. ತೆಲುಗು, ತಮಿಳು ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬಂದರೆ ನಮ್ಮ ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನವಿಲ್ಲದಂತಾಗುತ್ತದೆ ಎಂಬ ಭಯ ನಿಜವಾದದ್ದು. ಡಬ್ಬಿಂಗ್ ಬೇಡವೆಂಬ ಕೂಗು ಹುಟ್ಟಿತು. ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲದ ಆ ತಡೆ ದಶಕಗಳ ಕಾಲ ಕಲ್ಲಿನಂತೆ ನಿಂತಿತು. ಅದರಿಂದ ಕನ್ನಡಕ್ಕೆ ಒಳ್ಳೆಯ ಸಿನಿಮಾಗಳು ಬಂದವು ಎಂಬುದನ್ನು ನಾನೂ ಒಪ್ಪುತ್ತೇನೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯನ್ನು ತಪ್ಪೆಂದು ಹೇಳಿ ದಂಡ ಹಾಕಿತು. 2017ರಿಂದ ಡಬ್ ಆದ ಚಿತ್ರಗಳು ಮತ್ತೆ ಬರತೊಡಗಿದವು.

ಆದರೆ ಆ ಐದು ದಶಕಗಳ ಬೆಲೆ ತೆತ್ತವರು ಯಾರು? ತೀರ್ಮಾನ ಆದದ್ದು ಬೆಂಗಳೂರಿನಲ್ಲಿ, ಬೆಲೆ ತೆತ್ತದ್ದು ಬೀದರ್ ಮತ್ತು ಯಾದಗಿರಿ. ಡಬ್ಬಿಂಗ್ ಇಲ್ಲವೆಂದು ನಮ್ಮ ಜನ ಬೇರೆ ಭಾಷೆಯ ಸಿನಿಮಾ ನೋಡುವುದನ್ನು ಬಿಡಲಿಲ್ಲ. ಗಡಿಯಾಚೆಯಿಂದ ಹಿಂದಿ ಬಂತು, ತೆಲುಗು ಬಂತು, ಮರಾಠಿ ಬಂತು. ಜನ ಅದನ್ನೇ ನೋಡಿದರು. ನೋಡಿದ್ದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಭಾಷೆ ಕಿವಿಗೆ ಬೀಳುವುದು ಈ ನೆಲದ ಭಾಗ್ಯ. ನಷ್ಟವಾದದ್ದು ಇಷ್ಟು: ಪ್ರೀತಿ, ಹೊಡೆದಾಟ, ತಾಯಿಯ ಕಣ್ಣೀರು ಕನ್ನಡದಲ್ಲಿ ಸಿಕ್ಕವು. ನಕ್ಷತ್ರ, ನೌಕೆ, ಯಂತ್ರಮಾನವ, ಬೇರೆ ಲೋಕದ ಜೀವಿ ಇವೆಲ್ಲ ಕನ್ನಡದ ಹೊರಗೇ ಉಳಿದವು. ತರಗತಿಯಲ್ಲಿ ಅಂತರಿಕ್ಷದ ಸಿನಿಮಾ ಹೆಸರು ಹೇಳಿ ಎಂದರೆ ಮಕ್ಕಳು ಇಂಗ್ಲಿಷಿನದು ಹೇಳುತ್ತಿದ್ದರು, ಹಿಂದಿಯದು ಹೇಳುತ್ತಿದ್ದರು. ಕನ್ನಡದ ಒಂದು ಹೆಸರೂ ಅವರ ಬಾಯಿಂದ ಬರಲಿಲ್ಲ. ತಮಿಳರು 1963ರಲ್ಲಿಯೇ ಎಂ.ಜಿ.ಆರ್. ಅವರನ್ನು ಬೇರೆ ಗ್ರಹಕ್ಕೆ ಕಳಿಸಿದ್ದರು. ಹಿಂದಿಯವರು 1967ರಲ್ಲಿ ಕುಸ್ತಿಪಟು ದಾರಾ ಸಿಂಗ್ ಅವರನ್ನು ಚಂದ್ರನ ಮೇಲೆ ಇಳಿಸಿದ್ದರು. ಇಸ್ರೋದ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಚಂದ್ರಯಾನದ ಸಂಕೇತ ಹಿಡಿಯುವ 32 ಮೀಟರ್ ಅಗಲದ ಆಂಟೆನಾ ಇರುವುದು ಬ್ಯಾಲಾಳು ಎಂಬ ಕನ್ನಡದ ಹಳ್ಳಿಯಲ್ಲಿ. ಆದರೂ ಗಗನಯಾತ್ರಿ ಎಂದರೆ ಹ್ಯೂಸ್ಟನ್ನಿನ ನಾಸಾ ನಿಯಂತ್ರಣ ಕೊಠಡಿಯ ಜತೆ ಇಂಗ್ಲಿಷಿನಲ್ಲಿ ಮಾತಾಡುವವನು ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ.

ಅಂತರಿಕ್ಷ ನಮಗೆ ಹೊಸದೇನಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಈ ಊರಿನಿಂದ ಆಳಿದ ಫಿರೋಜ್ ಶಹಾ ಬಹಮನಿ 1407ರಲ್ಲಿ ದೌಲತಾಬಾದ್ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ, ಪೂರ್ತಿಯಾಗಲಿಲ್ಲ. ಅದು ಹಳೆಯ ಮಾತು. ನಮ್ಮ ಕಾಲದ್ದೇ ಒಂದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳಿಸುವ ಪ್ರಯೋಗ ನಡೆಸಿತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬೆಂಗಳೂರಿನ ಸುತ್ತಿನ ಊರುಗಳನ್ನಲ್ಲ. ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಇಂದಿನ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು.

ಆಗ ನಾನು ಹತ್ತರ ಆಸುಪಾಸಿನ ಹುಡುಗ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು, ನಾಟಕ. ಕೀಲಿ ಹಾಕಿದ ಪೆಟ್ಟಿಗೆಯಿಂದ ಟಿ.ವಿ. ಹೊರಬಂದಾಗ ಊರಿಗೆ ಊರೇ ನೆಲದ ಮೇಲೆ ಕೂತಿರುತ್ತಿತ್ತು. 36,000 ಕಿಲೋಮೀಟರ್ ಮೇಲಿನಿಂದ ಬರುತ್ತಿದ್ದ ಮಾತು ಕನ್ನಡದ ಮಾತು. ದೇಶದ ಹೆಚ್ಚಿನ ನಗರಗಳೇ ಟಿ.ವಿ. ಕಾಣದ ಕಾಲದಲ್ಲಿ ನಮ್ಮ ಹಳ್ಳಿಗಳು ಅಂತರಿಕ್ಷದಿಂದ ಕನ್ನಡ ಕೇಳುತ್ತಿದ್ದವು. ಅದೇ ಉಪಗ್ರಹದ ಸಂಕೇತ ಹಿಡಿಯುವ ಇನ್ನೊಂದು ಆಂಟೆನಾವನ್ನು ಇಸ್ರೋ ಎಂಜಿನಿಯರುಗಳು ಕೊಲಂಬೊದ ಒಂದು ಮನೆಯಲ್ಲಿ ನಿಲ್ಲಿಸಿದ್ದರು. ಆ ಮನೆ ಆರ್ಥರ್ ಸಿ. ಕ್ಲಾರ್ಕ್ ಅವರದು. ಉಪಗ್ರಹಗಳ ಮೂಲಕ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಎಂದು 1945ರಲ್ಲಿಯೇ ಬರೆದವರು ಅವರು. 1968ರಲ್ಲಿ ನಿರ್ದೇಶಕ ಕುಬ್ರಿಕ್ ಅವರೊಂದಿಗೆ ಕೂಡಿ ಅಂತರಿಕ್ಷ ಸಿನಿಮಾಗಳಿಗೆಲ್ಲ ಹಿರಿಯಣ್ಣನಂಥ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಕಥೆ ಹೆಣೆದವರೂ ಅವರೇ. ಆ ಒಂದು ವರ್ಷ ನಮ್ಮ ಊರಿನ ರೈತರೂ ಕ್ಲಾರ್ಕ್ ಅವರೂ ಒಂದೇ ಉಪಗ್ರಹದ ವೀಕ್ಷಕರಾಗಿದ್ದರು. ಇದು ನಮ್ಮ ಯಾವ ಶಾಲೆಯ ಗೋಡೆಯ ಮೇಲೂ ಬರೆದಿಲ್ಲ.

ಕನ್ನಡಕ್ಕಿಂತ ಬಹಳ ಚಿಕ್ಕ ಭಾಷೆಯವರು ಮಾಡಿದ್ದನ್ನು ನೋಡಿ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆ ಆಡುವವರು ಹೆಚ್ಚೆಂದರೆ ಒಂದೂ ಮುಕ್ಕಾಲು ಲಕ್ಷ. ಮಕ್ಕಳು ಇಂಗ್ಲಿಷಿಗೆ ಜಾರುತ್ತಿದ್ದಾರೆ ಎಂಬ ಚಿಂತೆ ಅವರದು. ಅವರ ವಸ್ತುಸಂಗ್ರಹಾಲಯದ ನಿರ್ದೇಶಕರಿಗೆ ಒಂದು ಯೋಚನೆ ಬಂತು: ಮಕ್ಕಳು ಹೇಗೂ ನೋಡುವ ಸಿನಿಮಾವನ್ನೇ ನಮ್ಮ ಭಾಷೆಯಲ್ಲಿ ಕೇಳಿಸೋಣ. 1977ರ ಸ್ಟಾರ್ ವಾರ್ಸ್ ಚಿತ್ರವನ್ನು, ನಿರ್ಮಾಣ ಸಂಸ್ಥೆಯ ಒಪ್ಪಿಗೆ ಪಡೆದು, ಸ್ಥಳೀಯರನ್ನೇ ಪರೀಕ್ಷಿಸಿ ಆರಿಸಿ, ಅವರ ದನಿಯಲ್ಲಿ ಡಬ್ ಮಾಡಿಸಿದರು. 2013ರ ಜುಲೈನಲ್ಲಿ ವಿಂಡೋ ರಾಕ್ ಎಂಬ ಅವರ ಊರಿನಲ್ಲಿ ಮೊದಲ ಪ್ರದರ್ಶನ ನಡೆಯಿತು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಒಂದೂ ಮುಕ್ಕಾಲು ಲಕ್ಷ ಜನ ಮಾಡಿದ್ದನ್ನು ನಾಲ್ಕು ಕೋಟಿ ಜನ ಮಾಡಲಾರರೇ?

ಈ ಸಿನಿಮಾಗಳೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮುಕ್ಕಾಲು ಪಾಲು ಚಿತ್ರಗಳಿಗೆ ಅಂತರಿಕ್ಷ ಎಂದರೆ ಇನ್ನೊಂದು ರಣರಂಗ. ಲೋಕ ಉಳಿಸುವವನು ಯಾವಾಗಲೂ ಒಬ್ಬನೇ ವೀರ, ಅವನು ಬಹುಪಾಲು ಬಿಳಿಯ. ನಿಜವಾದ ಅಂತರಿಕ್ಷ ಕೆಲಸ ಸಾವಿರಾರು ಜನ ವರ್ಷಗಟ್ಟಲೆ ಕೂತು ಲೆಕ್ಕ ಮಾಡುವ, ತಿರುಪು ಬಿಗಿಯುವ ಕೆಲಸ. ಮಂಗಳಯಾನ ಕಕ್ಷೆ ಸೇರಿದ ದಿನ ರೇಷ್ಮೆ ಸೀರೆಯುಟ್ಟು ನಗುತ್ತಿದ್ದ ಇಸ್ರೋ ಮಹಿಳೆಯರ ಒಂದು ಫೋಟೊ ನಮ್ಮ ಹುಡುಗಿಯರಿಗೆ ಮಾಡಿದ ಉಪಕಾರವನ್ನು ನೂರು ಲೇಸರ್ ಕತ್ತಿಗಳು ಮಾಡಿಲ್ಲ.

ಆದರೆ ಕೆಲವು ಚಿತ್ರಗಳಲ್ಲಿ ನಮ್ಮ ಕತೆಯೇ ಇದೆ. ಅವತಾರ್ ಚಿತ್ರದಲ್ಲಿ ದೂರದ ಒಂದು ಉಪಗ್ರಹಕ್ಕೆ ಗಣಿ ತೋಡಲು ಕಂಪನಿ ಬರುತ್ತದೆ. ನೆಲದಡಿಯ ಖನಿಜ ಬೇಕು, ಮೇಲೆ ಬದುಕುವ ಜನ ಬೇಡ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಗಣಿಗಾರಿಕೆಯ ಪ್ರಸ್ತಾಪಕ್ಕೆ ಊರವರು ಆತಂಕದಿಂದ ವಿರೋಧ ಹೇಳಿಕೊಂಡೇ ಬಂದಿದ್ದಾರೆ. ಗಣಿ ಸರಿಯೋ ತಪ್ಪೋ ಎಂಬ ತೀರ್ಪು ಈ ಪತ್ರದ ಕೆಲಸವಲ್ಲ. ಆದರೆ ಆ ಚಿತ್ರವನ್ನು ಕನ್ನಡದಲ್ಲಿ ನೋಡಿದ ಶಹಾಪುರದ ಮಗು ಕೇಳುವ ಪ್ರಶ್ನೆಯನ್ನು ಲಾಸ್ ಏಂಜಲೀಸ್‌ನ ಮಗು ಕೇಳಲಾರದು. 2022ರಲ್ಲಿ ಬಂದ ಅದರ ಎರಡನೆಯ ಭಾಗಕ್ಕೆ ಕನ್ನಡದ ಧ್ವನಿ ಇತ್ತು. ನಾನು ನೋಡಿದ್ದು ಮಾತ್ರ ಹಿಂದಿಯಲ್ಲಿ, ಏಕೆಂದರೆ ನಾನು ಹೋದ ಚಿತ್ರಮಂದಿರದಲ್ಲಿ ಇದ್ದದ್ದು ಅದೇ.

ಹಾಗಾದರೆ ಮಾಡಬೇಕಾದದ್ದೇನು? ಕನ್ನಡ ಧ್ವನಿ ಈಗಾಗಲೇ ಇರುವ ಚಿತ್ರಗಳಿಂದ ಶುರು ಮಾಡಬಹುದು. ಶನಿವಾರದ ಬೆಳಗಿನ ಹೊತ್ತು ಚಿತ್ರಮಂದಿರಗಳು ಹೇಗೂ ಖಾಲಿ. ಆ ಸಮಯಕ್ಕೆ ಕಡಿಮೆ ದರ ಮಾತಾಡಬಹುದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಮಕ್ಕಳನ್ನು ಕರೆತರಬಹುದು. ಕಲಬುರಗಿಯಲ್ಲಿ ವಿಜ್ಞಾನ ಕೇಂದ್ರವಿದೆ. ಸಿನಿಮಾ ಮುಗಿದ ಮೇಲೆ ಅಲ್ಲಿನವರು, ಇಲ್ಲವೇ ಊರಿನ ಯಾವುದಾದರೂ ವಿಜ್ಞಾನ ಶಿಕ್ಷಕರು, ಅರ್ಧ ತಾಸು ನಿಂತು ಯಾವುದು ನಿಜ, ಯಾವುದು ಬುರುಡೆ ಎಂದು ಮಕ್ಕಳ ಜತೆ ಜಗಳವಾಡಬೇಕು. ಆ ಅರ್ಧ ತಾಸು ತಪ್ಪಿದರೆ ಇಡೀ ಯೋಜನೆ ಪುಕ್ಕಟೆ ಮನರಂಜನೆ ಆಗಿಬಿಡುತ್ತದೆ. ಬರೀ ಮನರಂಜನೆಗೆ ಮಂಡಳಿ ದುಡ್ಡು ಕೊಡಬೇಕಾಗಿಲ್ಲ.

ಎರಡನೆಯ ಹಂತ ಕಷ್ಟದ್ದು, ನನಗೆ ಹೆಚ್ಚು ಆಸೆ ಇರುವುದೂ ಅದರ ಮೇಲೆಯೇ. ಕನ್ನಡ ಧ್ವನಿ ಇಲ್ಲದ ಒಂದೇ ಒಂದು ಒಳ್ಳೆಯ ಚಿತ್ರವನ್ನು ಆರಿಸಿ, ಹಕ್ಕುದಾರರಿಗೆ ಪತ್ರ ಬರೆದು, ಇಲ್ಲಿಯೇ ಡಬ್ ಮಾಡಿಸಬೇಕು. ಕಲಬುರಗಿ ರಂಗಾಯಣದಲ್ಲಿ ನಟರಿದ್ದಾರೆ, ಕಲಬುರಗಿ ಆಕಾಶವಾಣಿಯಲ್ಲಿ ಪಳಗಿದ ದನಿಗಳಿವೆ. ಈಗ ಬರುವ ಹಲವು ಡಬ್ಬಿಂಗ್ ಚಿತ್ರಗಳಲ್ಲಿ ನೌಕೆಯ ಕ್ಯಾಪ್ಟನ್ ವಾರ್ತೆ ಓದುವವರಂತೆ ಮಾತಾಡುತ್ತಾನೆ. ಸಾಯುವಾಗಲೂ ವ್ಯಾಕರಣ ತಪ್ಪುವುದಿಲ್ಲ. ಇನ್ನು ಕನ್ನಡ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಕೇಳಿಸುವುದು ಹಾಸ್ಯದ ಪಾತ್ರಕ್ಕೆ, ಇಲ್ಲವೇ ಬಂದು ಹೊಡೆತ ತಿಂದು ಹೋಗುವ ರೌಡಿಗೆ. ಒಮ್ಮೆಯಾದರೂ ಗಗನನೌಕೆಯ ಮುಖ್ಯಸ್ಥೆ ಸೇಡಂ ಕಡೆಯ ಕನ್ನಡದಲ್ಲಿ ಆಜ್ಞೆ ಕೊಡಲಿ. ಮಕ್ಕಳು ಮೊದಲು ನಗುತ್ತಾರೆ. ಹತ್ತು ನಿಮಿಷದ ಮೇಲೆ ನಗುವುದಿಲ್ಲ.

ಇದರಿಂದ ಅಂಕ ಹೆಚ್ಚುತ್ತದೆಯೇ ಎಂದು ತಾವು ಕೇಳಿಯೇ ಕೇಳುತ್ತೀರಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಸ್ಥಾನ ಪಡೆದವು. ಸಿನಿಮಾ ತೋರಿಸಿದರೆ ಆ ಸ್ಥಾನ ಮೇಲೇರುತ್ತದೆ ಎಂದು ನಾನು ಮಾತು ಕೊಡಲಾರೆ. ಶಿಕ್ಷಕರ ಹುದ್ದೆ ತುಂಬುವುದು, ಹತ್ತಿ ಬಿಡಿಸಲು ಶಾಲೆ ಬಿಡುವ ಮಕ್ಕಳನ್ನು ಮರಳಿ ಕರೆತರುವುದು, ಇವೇ ಅದಕ್ಕೆ ಮದ್ದು. ಅದಕ್ಕೆ ಮೀಸಲಾದ ಹಣದಿಂದ ಒಂದು ರೂಪಾಯಿಯನ್ನೂ ಇದಕ್ಕೆ ತಿರುಗಿಸಬೇಡಿ. ನಾನು ಕೇಳುತ್ತಿರುವುದು ಸಭೆ ಸಮಾರಂಭಗಳ ಶಾಮಿಯಾನ, ಹಾರ ತುರಾಯಿಗಳಿಗೆ ಹೋಗುವ ಹಣದ ಒಂದು ಮೂಲೆಯನ್ನು. ಆದರೆ ಒಂದು ಮಾತು: ಹಿಂದುಳಿದವರೆಂದು ದಿನವೂ ಅನ್ನಿಸಿಕೊಳ್ಳುವ ಮಕ್ಕಳಿಗೆ ಶೌಚಾಲಯ, ಬೆಂಚು, ಬಿಸಿಯೂಟದ ಜತೆ ಬೆರಗನ್ನೂ ಕೇಳುವ ಹಕ್ಕಿದೆ. ನಮ್ಮ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮಿನ ಅಡಿಯಲ್ಲಿ ಬೆರಗಿಗೆ ಲೆಕ್ಕಶೀರ್ಷಿಕೆ ಇಲ್ಲದಿದ್ದರೆ ಶಿಕ್ಷಣದ ಅಡಿಯಲ್ಲಿ ಬರೆದುಕೊಳ್ಳಿ.

ದಿನಾಂಕದ ಬಗ್ಗೆಯೂ ಒಂದು ವಿನಂತಿ. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್ ಬಂದರೆ ನಮ್ಮ ಬಿಸಿಲಿನಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವಂತಿಲ್ಲ. ಆದ್ದರಿಂದ ನವೆಂಬರ್‌ನಿಂದ ಜನವರಿಯೊಳಗೆ ಮೊದಲ ಸುತ್ತು ಮುಗಿಯಬೇಕು. ಹಾಗಾಗಬೇಕಾದರೆ ಕಡತ ಮಳೆಗಾಲದಲ್ಲೇ ಹೊರಡಬೇಕು. ಪ್ರದರ್ಶನದ ನಂತರದ ಚರ್ಚೆಗೆ ಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಬರೆದುಕೊಡಲು ನಾನೂ ನನ್ನಂಥ ಕೆಲವು ನಿವೃತ್ತ ಶಿಕ್ಷಕರೂ ಸಿದ್ಧರಿದ್ದೇವೆ. ಸಂಭಾವನೆ ಬೇಡ. ಕರೆದ ಕಡೆ ಬರುತ್ತೇವೆ, ಬೀದರಿಗಾದರೂ ಸರಿ, ಸುರಪುರಕ್ಕಾದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಕಲಬುರಗಿ